ಸತ್ತದ್ದು ಬೆಲ್ಲಲ್ಲ ಸ್ವಾಮೀ, ಸೆಲ್ಲು!

ವೈರ್‌ಲೆಸ್ ಡೋರ್‌ಬೆಲ್ ಬಾರಿಸುತ್ತಿಲ್ಲ ಅಂತ ಮುಂಬಯಿಯ ಅಂಗಡಿಗೆ ಒಯ್ದು ನೋಡಿ. "ಫೇಂಕ್ ದೋ ಸಾಬ್, ನಯಾ ಲೇ ಲೋ!" ಮೊನ್ನೆ ನನಗೂ ಇದೇ ಉಪದೇಶ. ಬಟನ್ ಮಾತ್ರ ಕೊಡಪ್ಪಾ ಅಂದರೆ ಅದೂ ಇಲ್ಲ, ಪೂರ್ತಿ ಸೆಟ್ಟೇ ಕೊಳ್ಳಬೇಕಂತೆ.

ಅಲ್ಲಾರೀ, ನಮ್ಮ ಬ್ಯಾಂಕುಗಳಲ್ಲಿ ಕಂತು ಬಾಕಿಯಾಗಿ 90 ದಿನ ದಾಟುವವರೆಗೆ ಸಾಲಗಾರನನ್ನೂ ಎನ್‌ಪಿಎ ಅನ್ನುವುದಿಲ್ಲ. ಬಡಪಾಯಿ ಬೆಲ್ಲಿಗೆ ಒಂದು ನಿಮಿಷದ ವಿಚಾರಣೆಯೂ ಬೇಡವೇ?

ಇದರಲ್ಲಿರುವುದು ಎರಡೇ ತುಂಡು. ಹೊರಗಿನ ಬಟನ್ ರೇಡಿಯೊ ಸಂಕೇತ ಕಳಿಸುತ್ತದೆ, ಹೆಚ್ಚಿನವು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಒಳಗಿನ ಚೈಮ್ ತನ್ನ ಬಟನ್ನಿನ ಕೋಡ್ ಗುರುತಿಸಿ ಹಾಡುತ್ತದೆ. ಬಟನ್ ಕಳಚಿ ಚೈಮ್ ಪಕ್ಕದಲ್ಲೇ ಒತ್ತಿ. ಅಲ್ಲಿ ಬಾರಿಸಿದರೆ ಎರಡೂ ಬದುಕಿವೆ. ತೊಂದರೆ ಇರುವುದು ಸೆಲ್ಲಿನಲ್ಲಿ ಅಥವಾ ನಡುವಿನ ಅಡ್ಡಿಯಲ್ಲಿ. ಬಟನ್ನಿನ ಪುಟ್ಟ ದೀಪ ಮಿನುಗಿತು ಅಂತ ನಂಬಬೇಡಿ, ನಿತ್ರಾಣ ಸೆಲ್ಲಿಗೂ ಅಷ್ಟು ಜೀವ ಇರುತ್ತದೆ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ 23ಎ ಅಥವಾ 3 ವೋಲ್ಟಿನ ಸಿಆರ್2032. ಹಳೆಯದನ್ನು ನೋಡಿ ಅದೇ ನಂಬರಿನದು ತನ್ನಿ. ಮಳೆಗಾಲದಲ್ಲಿ ಸೆಲ್ ಕೂರುವ ತಗಡಿಗೆ ಕಿಲುಬು ಹಿಡಿದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

ಪೆಟ್ಟಿಗೆಯ ಮೇಲೆ "100 ಮೀಟರ್" ಅಂತ ಬರೆದಿರುತ್ತದಲ್ಲ, ಅದು ಬಯಲಿನ ಲೆಕ್ಕ. ನಮ್ಮ ಕಾಂಕ್ರೀಟ್ ಗೋಡೆಗಳ ನಡುವೆ ಅದು ನಡೆಯದು. ಕಬ್ಬಿಣದ ಸೇಫ್ಟಿ ಡೋರ್ ಮೇಲೇ ಬಟನ್ ಅಂಟಿಸಿದರೆ ಸಂಕೇತ ಅಲ್ಲೇ ಅರ್ಧ ಸೊರಗುತ್ತದೆ. ಮರದ ಚೌಕಟ್ಟಿಗೋ ಗೋಡೆಗೋ ಬದಲಿಸಿ. ಇನ್ನೂ ಸುಮ್ಮನಿದ್ದರೆ ಜೋಡಣೆ ತಪ್ಪಿರಬಹುದು. ಹಲವು ಮಾದರಿಗಳಲ್ಲಿ ಚೈಮ್‌ನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಬೀಪ್ ಬಂದ ಮೇಲೆ ಹೊರಗಿನ ಬಟನ್ ಒತ್ತಿದರೆ ಸಾಕು.

"ಕೆಲವು ನೂರು ರೂಪಾಯಿಗೆ ಇಷ್ಟು ರಾಮಾಯಣವೇ?" ಅನ್ನುವವರಿದ್ದಾರೆ. ದುಡ್ಡಿನ ಮಾತಲ್ಲ ಇದು. ಮಕ್ಕಳು ಪರದೇಶದಲ್ಲಿ, ಇಬ್ಬರೇ ಮುದುಕರು ಫ್ಲ್ಯಾಟಿನಲ್ಲಿ. ಬೆಲ್ ಕೇಳದೆ ಔಷಧಿ ತಂದ ಹುಡುಗ ವಾಪಸು ಹೋದರೆ ಯಾರನ್ನು ಕರೆಯಬೇಕು? ಅಂಥವರಿಗೆ ಸೆಲ್ ಬದಲಿಸುವುದು ಹೇಗೆ ಅಂತ ಅವರವರ ಭಾಷೆಯಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಚ್ಚು ಹಾಕಲು ತಯಾರಕರಿಗೇನು ಕಷ್ಟ? ಹಾಡು ಮಾತ್ರ ಮೂವತ್ತಾರು ತುಂಬಿಸುತ್ತಾರೆ!

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕಿ'ನ ಪೋರ್ಟಲ್ ತೆರೆಯಿತು. ಅದರ ಗಮನ ಮೊಬೈಲು, ವಾಹನ, ಕೃಷಿ ಉಪಕರಣ, ಗೃಹೋಪಯೋಗಿ ಸಾಮಾನುಗಳ ಕಡೆಗೆ. ಒಳ್ಳೆಯದೇ. ಆದರೆ ಬಿಡಿ ಬಟನ್ ಮಾರದ ಅಂಗಡಿಯವನಿಗೆ ಯಾವ ಪೋರ್ಟಲ್ಲಿನ ಬಿಸಿಯೂ ತಟ್ಟಿಲ್ಲ. ತಟ್ಟಬೇಕಾದರೆ ಗಿರಾಕಿಗಳಾದ ನಾವೇ "ಬಿಡಿಭಾಗ ಸಿಗುತ್ತದೆಯೇ?" ಅಂತ ಮೊದಲು ಕೇಳಬೇಕು, ಇಲ್ಲವೆಂದರೆ ಮುಂದಿನ ಅಂಗಡಿಗೆ ನಡೆಯಬೇಕು.

ಏನಂತೀರಿ?