ಪಾಠಕ್ಕೆ ದುಡ್ಡು ಕೇಳಿದರೆ ತಪ್ಪಾ?

ನಮ್ಮ ಬೀದಿಯ ಅಕ್ಕ ಬಿ.ಎ. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದರು. ಈಗ ಮೊಬೈಲಿನಲ್ಲಿ ಹಿರಿಯೂರು, ಹೊಳಲ್ಕೆರೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ತಿಂಗಳಿಗೆ 300 ರೂಪಾಯಿ. “ಫೋನಲ್ಲಿ ಮಾತಾಡಕ್ಕೂ ದುಡ್ಡಾ?” ಅಂತ ಕಟ್ಟೆ ಮೇಲೆ ಕೂತವರು ನಗ್ತಾರೆ. ನನಗೆ ಇದು ಸರಿ ಕಾಣಲ್ಲ. ಅಕ್ಕ ರಾತ್ರಿ ಕೂತು ಮರುದಿನದ ಪಾಠ ಬರೆದುಕೊಳ್ಳುವುದನ್ನು ನೋಡಿದ್ದೇನೆ. ನೆಟ್‌ವರ್ಕ್ ಸಿಗದಿದ್ದರೆ ಮಾಳಿಗೆ ಹತ್ತುತ್ತಾರೆ, ಚಳಿಯಲ್ಲೂ. ಟೈಲರ್‌ಗೆ ಹೊಲಿಗೆ ದುಡ್ಡು ಕೊಡ್ತೀವಲ್ಲ?

2007ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ. ಆದರೂ ನಮಗೆ ಓದಕ್ಕೆ ಬರುತ್ತೆ, ಮಾತಾಡಕ್ಕೆ ನಾಚಿಕೆ. ಅಕ್ಕ ಮಾತೇ ಆಡಿಸುತ್ತಾರಂತೆ, ತಪ್ಪಿದರೆ ನಗಲ್ಲವಂತೆ.

ಅಕ್ಕನಿಗೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅಂಥ ಮೊಬೈಲ್ ಇಲ್ಲ. ಭಾನುವಾರ ಒಂದು ಗಂಟೆ ಜಗಲಿ ಮೇಲೆ ನಮಗೂ ಹೇಳಿಕೊಡಿ. ದುಡ್ಡಿಲ್ಲದವರು ಶೇಂಗಾ ತರುತ್ತೇವೆ.