ಇಪ್ಪತ್ತೈದು ಮನೆ, ಇಪ್ಪತ್ತೈದು ಅಕ್ಷರ

ಸೌಕಾರ್‌ಪೇಟೆಯ ನಮ್ಮ ಮಕ್ಕಳಿಗೆ ಭಾಷೆಗಳ ಬಡತನವೇನೂ ಇಲ್ಲ. ಮಿಂಟ್ ಸ್ಟ್ರೀಟಿನ ಅಂಗಡಿಗಳಲ್ಲಿ ಹಿಂದಿ, ಗುಜರಾತಿ, ಶಾಲೆಯಲ್ಲಿ ತಮಿಳು, ಇಂಗ್ಲಿಷು, ಮನೆಯಲ್ಲಿ ಕನ್ನಡ. ಆದರೆ ಈ ಮನೆಯ ಭಾಷೆ ನಾಲಗೆಯ ಮೇಲಷ್ಟೇ ನಿಂತು ಕಣ್ಣಿಗೆ ಹತ್ತದಿರುವುದು ನಮ್ಮ ಚಿಂತೆ. ಊರಿನಿಂದ ಅಜ್ಜಿ ಮೊಬೈಲಿನಲ್ಲಿ ಕನ್ನಡದ ನಾಲ್ಕು ಸಾಲು ಬರೆದರೆ, ಮೊಮ್ಮಗು ಅದನ್ನು ತಾಯಿಯ ಕೈಗೆ ಕೊಟ್ಟು 'ಓದಿ ಹೇಳಮ್ಮ' ಎನ್ನುತ್ತದೆ. ತಾಯಿಗೆ ಬಿಡುವಿಲ್ಲದ ದಿನ ಅಜ್ಜಿಯ ಮಾತು ಹಾಗೆಯೇ ಬಿದ್ದಿರುತ್ತದೆ.

ಇದಕ್ಕೆ ಶಾಲೆಯನ್ನು ದೂರಿ ಫಲವಿಲ್ಲ. 2006ರ ಕಾಯಿದೆಯಂತೆ ಇಲ್ಲಿ ತಮಿಳು ಕಡ್ಡಾಯವಾಯಿತು. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಮಕ್ಕಳು ಕಲಿಯುವುದು ಒಳ್ಳೆಯದೇ. ತಮಿಳಿನಲ್ಲಿ ಪಳಗಿದ ಕಣ್ಣು ಕನ್ನಡದಲ್ಲಿ ಎಲ್ಲಿ ಎಡವುತ್ತದೆ ಎಂಬುದನ್ನು ಮಾತ್ರ ನಾವು ತಿಳಿದಿರಬೇಕು. ನಮ್ಮ ವರ್ಗೀಯ ವ್ಯಂಜನಗಳು 25. ತಮಿಳು ವರ್ಣಮಾಲೆಯಲ್ಲಿ ಪ್ರತಿ ವರ್ಗದ ಮೊದಲನೆಯದೂ ಕೊನೆಯದೂ ಮಾತ್ರ, ಒಟ್ಟು 10. (ಜಕಾರವನ್ನು ಗ್ರಂಥಲಿಪಿಯಿಂದ ಎರವಲು ಪಡೆದಿದ್ದಾರೆ.) ತಮಿಳಿನಲ್ಲಿ 'ಗಾಂಧಿ' ಎಂದು ಬರೆದರೂ 'ಕಾಂತಿ' ಎಂದು ಬರೆದರೂ ಅಕ್ಷರಗಳು ಒಂದೇ. ಆದುದರಿಂದ ನಮ್ಮ ಹುಡುಗ ಗಾಂಧಿಯವರನ್ನು ಕಾಂತಿ ಎಂದು ಬರೆದರೆ ಗದರಬೇಡಿ. ಅದು ದಡ್ಡತನವಲ್ಲ, ಲಿಪಿಯ ಅಭ್ಯಾಸ.

ಕುಂಟೆಬಿಲ್ಲೆಗೆ ನಮ್ಮ ಓಣಿಗಳಲ್ಲಿ ಜಾಗವೆಲ್ಲಿದೆ? ಕೈಗಾಡಿ, ಸ್ಕೂಟರುಗಳದೇ ರಾಜ್ಯ. ಕೂತು ಆಡುವ ಚೌಕಾಬಾರವೇ ವಾಸಿ. ಐದು ಸಾಲಿಗೆ ಐದೈದು ಮನೆ, ಒಟ್ಟು 25! ಸೀಮೆಸುಣ್ಣದಿಂದ ಮಣೆ ಬರೆದು ಮೊದಲ ಸಾಲಿನಲ್ಲಿ ಕವರ್ಗ, ಎರಡನೆಯದರಲ್ಲಿ ಚವರ್ಗ, ಹೀಗೆ ಪವರ್ಗದವರೆಗೆ ತುಂಬಿರಿ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಿಸೆಬೀಜ ನಾಲ್ಕು ಸಾಕು.

ಕಾಯಿ ಯಾವ ಮನೆಗೆ ಬಂದಿತೋ ಆ ಅಕ್ಷರವನ್ನು ಓದಿ, ಅದಿರುವ ಒಂದು ಪದ ಹೇಳಬೇಕು. ಹೇಳದಿದ್ದರೆ ಕಾಯಿ ಹಿಂದಿದ್ದ ಮನೆಗೇ. ಙ, ಞಗಳಿಗೆ ಮಾಫಿ; ದೊಡ್ಡವರೇ ತಡಕಾಡಬೇಕಾದೀತು! ಇನ್ನು ಮಣೆಯ ಒಳಸುತ್ತನ್ನು ನೋಡಿ: ಛ, ಜ, ಝ, ಠ, ಢ, ಥ, ದ, ಧ, ನಡುವೆ ಕಾಯಿ ಹಣ್ಣಾಗುವ ಮನೆ ಡ. ತಮಿಳು ವರ್ಣಮಾಲೆಯಲ್ಲಿ ಇಲ್ಲದ ಅಕ್ಷರಗಳೇ ಅಲ್ಲಿ ಗುಂಪುಗೂಡಿವೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವಷ್ಟೆ. ಹೀಗಾಗಿ ಮಗುವಿಗೆ ಕಷ್ಟದ ಅಕ್ಷರಗಳು ಶಿಕ್ಷೆಯಾಗಿ ಅಲ್ಲ, ಗೆದ್ದು ಪಡೆದ ಜಾಗವಾಗಿ ಸಿಗುತ್ತವೆ.

ಉಳಿದ ಒಂಬತ್ತು ಅವರ್ಗೀಯಗಳನ್ನು ಚೀಟಿಗಳಲ್ಲಿ ಬರೆದಿಡಿ. ಚೌಕವೋ ಬಾರವೋ ಬಿದ್ದವನು ಇನ್ನೊಮ್ಮೆ ಕವಡೆ ಹಾಕುವ ಮುನ್ನ ಒಂದು ಚೀಟಿ ಎತ್ತಿ ಓದಲಿ. ಕೈ ಕುದುರಿದ ಮೇಲೆ ಮಣೆಯ ಅಕ್ಷರಗಳಿಗೆ ಗುಡಿಸು, ಕೊಂಬು ಕೊಡಿ. ಒತ್ತಕ್ಷರಕ್ಕೆ ಅವಸರ ಬೇಡ. ತಮಿಳಿನ ಚುಕ್ಕಿಗೆ ಒಗ್ಗಿದ ಕಣ್ಣು ಅಕ್ಷರದ ಕೆಳಗೆ ನೋಡುವುದನ್ನು ಕಲಿಯಲು ಕೆಲವು ತಿಂಗಳೇ ಬೇಕು.

ಆಟವಾಡಿ ಕಲಿಸುವುದು ಈ ಪಟ್ಟಣಕ್ಕೆ ಹೊಸದಲ್ಲ. 1939ರಲ್ಲಿ ಅಡಯಾರಿಗೆ ಬಂದ ಮರಿಯಾ ಮಾಂಟೆಸೊರಿಯವರು ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಕ್ಕಳ ಬೆರಳಿಂದ ತೀಡಿಸುವ ಪದ್ಧತಿಯವರು. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬರೆಸುವ ನಮಗೆ ಅದರ ರುಚಿ ಗೊತ್ತಿದ್ದದ್ದೇ. ನಾವು ಒಂದೇ ದಿನಕ್ಕೆ ಬಿಟ್ಟುಬಿಡುತ್ತೇವೆ, ಅಷ್ಟೆ.

ತಂದೆಯವರಿಗೆ ಒಂದು ಬಿನ್ನಹ: ಮಣೆಯ ಮುಂದೆ ಮೇಷ್ಟರಾಗಬೇಡಿ, ಆಗಾಗ ಸೋಲಿರಿ. ಪಕ್ಕದ ಮನೆಯ ಮಾರವಾಡಿ ಹುಡುಗನನ್ನೂ ಕೂಡಿಸಿಕೊಳ್ಳಿ. ಹಿಂದಿಯಲ್ಲೂ ಈ 25 ಇದೇ ಸಾಲಿನಲ್ಲಿವೆ. ಅವನು ಆಕಾರ ಅರಿಯದಿದ್ದರೂ ಸಾಲು ಎಣಿಸಿಯೇ ಹೇಳಿಬಿಟ್ಟಾನು. ಪದವೂ ಕನ್ನಡದ್ದೇ ಆಗಬೇಕೆಂದು ಅವನ ಮೇಲೆ ಹಟ ಬೇಡ.