ಹಿತ್ತಿಲ ರುಚಿ ಮಕ್ಕಳ ನಾಲಗೆಗೆ ಹತ್ತುವುದು ಬೇಡವೇ?

ಕೃಷಿಕರು ನಾಲ್ಕು ಜನ ಸೇರಿದರೆ ಹಲಸಿನ ಮೌಲ್ಯವರ್ಧನೆಯ ಮಾತು ಬಂದೇ ಬರುತ್ತದೆ. ಪಕ್ಕದ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಸಾರಿತು. ನಮ್ಮಲ್ಲೂ ಹಲಸಿನ ಮೇಳಗಳು ಆಗ್ತಾ ಉಂಟು. ಒಳ್ಳೆಯದೇ. ಆದರೆ ಮೇಳ ಮುಗಿಸಿ ಮನೆಗೆ ಬಂದು ಮಕ್ಕಳ ಬಟ್ಟಲು ನೋಡಿ. ಗುಜ್ಜೆ ಪಲ್ಯ ಬದಿಗೆ, ಬಸಳೆ ಬದಿಗೆ, ಬಾಳೆದಿಂಡು ಅಂತೂ ಬಟ್ಟಲಿಗೇ ಬಂದಿಲ್ಲ. "ನಮ್ಮವನಿಗೆ ಇದೆಲ್ಲ ಆಗುವುದಿಲ್ಲ, ಮೊಸರನ್ನ ಮಾತ್ರ" ಎಂದು ದೊಡ್ಡವರೇ ತೀರ್ಪು ಕೊಟ್ಟಾಗಿದೆ. ಸಂಜೆಗೆ ಅಂಗಡಿಯ ಪೊಟ್ಟಣ.

ಇದು ಬರೀ ಅಡುಗೆಮನೆಯ ವಿಷಯ ಅಲ್ಲ, ಕೃಷಿಯ ವಿಷಯವೂ ಹೌದು ಎಂದು ನನ್ನ ಅಭಿಪ್ರಾಯ. ತಿನ್ನುವವರಿಲ್ಲದ ಗಿಡವನ್ನು ಯಾರೂ ನೆಡುವುದಿಲ್ಲ. ಇವತ್ತು ಮೂರು ವರ್ಷದ ಮಗುವಿನ ನಾಲಗೆಗೆ ಹತ್ತದ ಹರಿವೆ, ಮೂವತ್ತು ವರ್ಷದ ನಂತರ ಆ ಮನೆಯ ಹಿತ್ತಿಲಲ್ಲೂ ಇರುವುದಿಲ್ಲ. ಮನೆಯವರೇ ತಿನ್ನದ ಬೆಳೆಯನ್ನು ಪೇಟೆಯವರು ತಿನ್ನಲಿ ಎಂದರೆ ಕೇಳುವವರು ಯಾರು?

ಹತ್ತು ಸಲ ಬಡಿಸಿದ್ದೇವೆಯೇ?

ಹೊಸ ತಿಂಡಿ ಕಂಡರೆ ಮುಖ ತಿರುಗಿಸುವುದು ಎರಡರಿಂದ ಆರು ವರ್ಷದ ಮಕ್ಕಳ ಸಹಜ ಗುಣ. ಸಿಹಿಯ ಆಸೆ ಹುಟ್ಟಿನಿಂದ ಬಂದದ್ದು, ಕಹಿಯ ಅಂಜಿಕೆಯೂ ಹಾಗೆಯೇ. ನಡೆಯಲು ಕಲಿತ ಮಗು ಸಿಕ್ಕಿದ ಸೊಪ್ಪನ್ನೆಲ್ಲ ಬಾಯಿಗೆ ಹಾಕಿದರೆ ಅಪಾಯ ತಾನೇ? ಅದಕ್ಕೇ ಪ್ರಕೃತಿ ಈ ಬೇಲಿ ಹಾಕಿದೆ ಎಂದು ತಿಳಿದವರು ವಿವರಿಸುತ್ತಾರೆ. ಹಾಗಾಗಿ ಇದನ್ನು ಹಠ ಎಂದು ಕರೆಯುವುದು ಸರಿಯಲ್ಲ.

ಅಮೆರಿಕದ ಲಿಯಾನ್ ಬರ್ಚ್ ಎಂಬ ವಿಜ್ಞಾನಿ ಎರಡು ವರ್ಷದ ಮಕ್ಕಳಿಗೆ ಹೊಸ ಹಣ್ಣು, ಹೊಸ ಚೀಸ್ ಕೊಟ್ಟು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಕೆಲವನ್ನು ಎರಡೇ ಸಲ, ಕೆಲವನ್ನು ಐದು, ಹತ್ತು, ಇಪ್ಪತ್ತು ಸಲದವರೆಗೂ ರುಚಿ ತೋರಿಸಿದ್ದು. ಹೆಚ್ಚು ಸಲ ರುಚಿ ನೋಡಿದ್ದೇ ಮಕ್ಕಳಿಗೆ ಹೆಚ್ಚು ಇಷ್ಟವಾಯಿತು. ಹಾಗೆಂದು ನೋಡಿದರೆ ಸಾಲದು, ನಾಲಗೆಗೆ ತಾಗಬೇಕು ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು.

ನಮ್ಮ ಮನೆಗಳಲ್ಲಿ ಏನಾಗ್ತದೆ? ಎರಡು ಸಲ ಉಗುಳಿದರೆ ಮುಗಿಯಿತು, ಆ ತರಕಾರಿ ಮಗುವಿನ ಪಾಲಿಗೆ ರದ್ದು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ನೀರು, ಗೊಬ್ಬರ ಕೊಟ್ಟು ಕಾಯುವ ನಮಗೆ ಹತ್ತು ಊಟ ಕಾಯುವ ತಾಳ್ಮೆ ಇಲ್ಲವೆಂದರೆ ಹೇಗೆ ಮಾರಾಯ್ರೆ?

ಲಂಚವೂ ಬೇಡ, ಗುಮ್ಮನೂ ಬೇಡ

"ಹಾಗಲಕಾಯಿ ತಿಂದ್ರೆ ಚಾಕಲೇಟು" ಎನ್ನುವ ಉಪಾಯ ಹಲವರಲ್ಲಿ ಉಂಟು. ಮಗು ಇದರಿಂದ ಕಲಿಯುವುದೇನು? ಚಾಕಲೇಟು ಬಹುಮಾನ, ಹಾಗಲ ಶಿಕ್ಷೆ ಅಂತ. ಬಹುಮಾನದ ಆಸೆ ತೋರಿಸಿ ಕೊಟ್ಟದ್ದು ಮಕ್ಕಳಿಗೆ ಇನ್ನಷ್ಟು ಬೇಡವಾಗುತ್ತದೆ ಎಂದು ಬರ್ಚ್ ಅವರ ಪ್ರಯೋಗಗಳೂ ಹೇಳಿವೆ. ಗುಮ್ಮನನ್ನು ಕರೆದು ತುರುಕುವುದು ಅದಕ್ಕಿಂತ ಕೆಟ್ಟದ್ದು. ಮೊಬೈಲು ತೋರಿಸಿ ಉಣಿಸಿದರೆ ಹೊಟ್ಟೆ ತುಂಬೀತು. ಏನು ತಿಂದೆ ಎಂದು ಮಗುವಿಗೇ ಗೊತ್ತಿರುವುದಿಲ್ಲ, ರುಚಿ ಹತ್ತುವುದು ಎಲ್ಲಿಂದ?

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಸೊಸೆಯ ಕ್ರಮ ಸರಳ. ಹೊಸ ಪದಾರ್ಥವನ್ನು ಉಗುರಿನಷ್ಟು ಮಾತ್ರ ಬಡಿಸುವುದು, ಅವನು ಮೆಚ್ಚುವ ನೀರುದೋಸೆಯದ್ದೋ ಅನ್ನದ್ದೋ ಬದಿಯಲ್ಲಿ. ತಿಂದರೆ ಹೊಗಳಿಕೆ ಇಲ್ಲ, ಬಿಟ್ಟರೆ ಬೈಗುಳ ಇಲ್ಲ. ಎರಡು ದಿನ ಬಿಟ್ಟು ಪುನಃ ಉಗುರಿನಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಬಿಸ್ಕೆಟ್ ಬಂದ್. ಹಸಿದ ಹೊಟ್ಟೆಯೇ ಅರ್ಧ ಕೆಲಸ ಮಾಡ್ತದೆ.

ಕ್ರಮವೂ ಮುಖ್ಯ. ಮೊದಲು ಸಿಹಿಗುಂಬಳ, ನೇಂದ್ರ ಬಾಳೆಹಣ್ಣು. ಆಮೇಲೆ ಬಸಳೆ, ಕೆಂಪು ಹರಿವೆ. ಅನ್ನ ಕೆಂಪಾಗುವುದೇ ಮಗುವಿಗೆ ಒಂದು ಮೋಜು. ಒಂದೆಲಗವನ್ನು ತೆಂಗಿನಕಾಯಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದರೆ ಕಹಿ ಅಡಗುತ್ತದೆ. ಹಾಗಲ ಕೊನೆಗೆ, ಅದೂ ಬೆಲ್ಲ, ಹುಳಿಯ ಗೊಜ್ಜಾಗಿ. ಕೆಸುವಿನ ಪತ್ರೊಡೆಗೆ ಹುಳಿ ಸಾಕಷ್ಟು ಹಾಕಿ ಚೆನ್ನಾಗಿ ಬೇಯಿಸಬೇಕು. ಒಮ್ಮೆ ಗಂಟಲು ತುರಿಸಿದರೆ ಮಗು ಅದನ್ನು ಸುಲಭಕ್ಕೆ ಮರೆಯುವುದಿಲ್ಲ.

ಪೇಟೆಯವರಿಗಿಲ್ಲದ ಅನುಕೂಲ

ನಮಗೆ ಮಣ್ಣು ಉಂಟು. ಮಗುವಿಗೆಂದು ಒಂದು ಸಣ್ಣ ಏರಿ ಬಿಟ್ಟುಕೊಡಿ. ಅಲಸಂಡೆ ಬೀಜ ಹಾಕಿಸಿದರೆ ಎರಡು ತಿಂಗಳೊಳಗೆ ಕೋಡು ಸಿಗುತ್ತದೆ, ಮಗುವಿನ ತಾಳ್ಮೆಗೆ ಅಷ್ಟೇ ಮಿತಿ. ಬಸಳೆಯ ದಂಟು ಊರಿದರೂ ಆದೀತು. ತಾನೇ ನೀರು ಹನಿಸಿ, ತಾನೇ ಕೊಯ್ದು ತಂದದ್ದನ್ನು ಮಗು ಮೂಸಿಯಾದರೂ ನೋಡುತ್ತದೆ. ಮೂಸಿ ನೋಡಿದ್ದು ಒಂದು ದಿನ ಬಾಯಿಗೆ ಹೋಗುತ್ತದೆ.

ಇನ್ನೂ ಹಿಂದೆ ಹೋದರೆ, ರುಚಿಯ ಪಾಠ ಶುರುವಾಗುವುದು ತಾಯಿಯ ಬಟ್ಟಲಿನಿಂದ. ಬಸುರಿಯಲ್ಲಿ ಅಥವಾ ಹಾಲೂಡುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಶಿಶುಗಳು ಮುಂದೆ ಕ್ಯಾರೆಟ್ ಬೆರೆತ ಆಹಾರಕ್ಕೆ ಕಡಿಮೆ ಮುಖ ಕಿವಿಚಿದವು ಎಂದು ಜೂಲಿ ಮೆನೆಲ್ಲಾ ಎಂಬ ಅಮೆರಿಕದ ವಿಜ್ಞಾನಿ 2001ರಲ್ಲಿ ತೋರಿಸಿದರು. ಬಾಣಂತಿಗೆ ತಿಂಗಳುಗಟ್ಟಲೆ ತರಕಾರಿಯನ್ನೆಲ್ಲ ನಿಷೇಧಿಸುವ ಅಜ್ಜಿಯಂದಿರು ಇದನ್ನು ಸ್ವಲ್ಪ ಯೋಚಿಸಬೇಕು.

ಎಚ್ಚರಿಕೆಯ ಎರಡು ಮಾತು. ಒಂದು ವರ್ಷದೊಳಗಿನ ಶಿಶುವಿಗೆ ಜೇನು ನೆಕ್ಕಿಸಬಾರದು, ನಮ್ಮದೇ ಪೆಟ್ಟಿಗೆಯ ಜೇನಾದರೂ. ಆ ಶಿಶುಗಳಿಗೆ ಅದರಿಂದ ಅಪಾಯದ ಕಾಯಿಲೆ ಬರಬಹುದು. ಸಣ್ಣ ಮಕ್ಕಳಿಗೆ ಇಡೀ ನೆಲಗಡಲೆ, ಇಡೀ ಹಲಸಿನ ಬೀಜ, ಬೀಜ ತೆಗೆಯದ ನೇರಳೆ, ರಂಬುಟಾನ್ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ಮಗು ಹೆಚ್ಚುಕಮ್ಮಿ ಎಲ್ಲವನ್ನೂ ಬಿಟ್ಟು ತೂಕ ಇಳಿಯುತ್ತಾ ಇದ್ದರೆ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಗಂಡಸರಿಗೂ ಒಂದು ಮಾತು

ಇದೆಲ್ಲ ಹೆಂಗಸರ ಕೆಲಸ ಎಂದು ಕೈತೊಳೆದುಕೊಳ್ಳುವಂತಿಲ್ಲ. ಅಪ್ಪ ಸೊಪ್ಪನ್ನು ಬದಿಗೆ ಸರಿಸಿ ಹಪ್ಪಳ ಕೇಳಿದರೆ ಮಗ ಸರಿಸದೆ ಇರುತ್ತಾನಾ? ನೆಂಟರು ಬಂದಾಗ ಪತ್ರೊಡೆಯನ್ನು ಒಳಗೆ ಮುಚ್ಚಿಟ್ಟು ಬೇಕರಿ ತಿಂಡಿ ತಂದಿಡುತ್ತೇವಲ್ಲ, ಅದನ್ನೂ ಮಗು ನೋಡುತ್ತಾ ಇರುತ್ತದೆ. ನಮ್ಮ ಊಟದ ಬಗ್ಗೆ ನಮಗೇ ನಾಚಿಕೆ ಆದರೆ ಅದು ಮಕ್ಕಳಿಗೆ ಹತ್ತು ಸಲ ಹೇಳಿಕೊಡದೆಯೇ ಬರುತ್ತದೆ.

ನನ್ನ ಸಲಹೆ ಇಷ್ಟೇ. ಮಕ್ಕಳಿರುವ ಮನೆಯವರು ಹಿತ್ತಿಲಿನ ಒಂದೇ ಒಂದು ತರಕಾರಿ ಆರಿಸಿಕೊಳ್ಳಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹತ್ತು ಸಲ, ಒತ್ತಾಯ ಇಲ್ಲದೆ, ಉಗುರಿನಷ್ಟೇ ಬಡಿಸಿ ನೋಡಿ. ಒಗ್ಗಿತೋ ಇಲ್ಲವೋ, ಎಷ್ಟನೇ ಸಲಕ್ಕೆ ಒಗ್ಗಿತು ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಒಬ್ಬರ ಅನುಭವ ಇನ್ನೊಂದು ಮನೆಯ ಬಟ್ಟಲಿಗೆ ಉಪಯೋಗಕ್ಕೆ ಬಂದೀತು.